ಸೊಸೆಯ ‘ಅವಸರ’, ಅತ್ತೆಯ ‘ತೊಂದರೆ’

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಕಳೆದ ವರ್ಷ ಮಗನಿಗೆ ಮದುವೆಯಾಯಿತು. ಸೊಸೆ ವಿಜಯವಾಡದ ಕಡೆಯವಳು. ಪಾಪ, ಕಷ್ಟಪಟ್ಟು ಕನ್ನಡ ಕಲಿಯುತ್ತಿದ್ದಾಳೆ. ಮೊನ್ನೆ ಜೋರು ಮಳೆ. ‘ಸ್ನಾನಕ್ಕೆ ಹಂಡೆ ಒಲೆಗೆ ಬೆಂಕಿ ಹಾಕಲೇನೇ?’ ಎಂದು ಕೇಳಿದೆ. ‘ಅವಸರ ಇಲ್ಲ ಅತ್ತಯ್ಯಾ’ ಎಂದಳು. ನಿಧಾನಕ್ಕೆ ಮಾಡ್ತಾಳೇನೋ ಎಂದುಕೊಂಡು, ಹಸಿ ಸೌದೆ ಊದುತ್ತಾ ಎರಡು ತಾಸು ನೀರು ಕಾಯಿಸಿದೆ. ಆಮೇಲೆ ನೋಡಿದರೆ ಅವಳು ಯಾವಾಗಲೋ ತಣ್ಣೀರಿನಲ್ಲೇ ಸ್ನಾನ ಮುಗಿಸಿದ್ದಳು. ನನಗೆ ಬೇಜಾರಾಯಿತು. ‘ನಾನು ಬೇಡ ಅಂತ ಹೇಳಿದ್ದೆನಲ್ಲಾ’ ಎಂದು ಅವಳಿಗೂ ಬೇಜಾರು. ‘ಅವಸರ’ ಅನ್ನುವ ಪದದ ಸರಿಯಾದ ಅರ್ಥ ಯಾವುದು? ಇದನ್ನು ಕೆಡಿಸಿದವರು ನಾವೋ ಅವರೋ? ಇಂಥ ಪದಗಳು ಇನ್ನೂ ಇದ್ದರೆ ಮೊದಲೇ ಹೇಳಿಬಿಡಿ.

ಉತ್ತರ: ನಿಮ್ಮ ಸೊಸೆ ಸುಳ್ಳು ಹೇಳಿಲ್ಲ, ಕೊಂಕೂ ಆಡಿಲ್ಲ. ತೆಲುಗಿನಲ್ಲಿ ‘ಅವಸರಂ ಲೇದು’ ಅಂದರೆ ‘ಬೇಕಾಗಿಲ್ಲ’ ಎಂದು. ಅವಳು ‘ಲೇದು’ ತೆಗೆದು ‘ಇಲ್ಲ’ ಹಾಕಿದಳು, ಕನ್ನಡವಾಯಿತು ಎಂದುಕೊಂಡಳು. ಆಗಿಯೂ ಇತ್ತು. ಅದಕ್ಕೇ ಎಡವಟ್ಟಾಯಿತು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ‘ಹಾಗಂದ್ರೆ ಏನೇ?’ ಎಂದು ಕೇಳುತ್ತಿದ್ದಿರಿ. ಗೊತ್ತಿರುವ ಪದವಾದ್ದರಿಂದ ಕೇಳುವ ಯೋಚನೆಯೇ ಬರಲಿಲ್ಲ, ಅಲ್ವಾ? ಎರಡು ಭಾಷೆಗಳ ನಡುವೆ ಮನುಷ್ಯರು ಜಾಸ್ತಿ ಎಡವುವುದು ಹೊಸ ಪದಗಳ ಮೇಲಲ್ಲ, ಇಂಥ ಪರಿಚಯದ ಪದಗಳ ಮೇಲೆ.

ಇನ್ನು ಕೆಡಿಸಿದವರು ಯಾರು ಎಂಬ ಪ್ರಶ್ನೆ. ‘ಅವಸರ’ ಸಂಸ್ಕೃತದ ಪದ. ‘ಅವ’ ಅಂದರೆ ಕೆಳಗೆ, ‘ಸೃ’ ಅಂದರೆ ಹರಿ, ಸಾಗು. ನೀರು ಇಳಿದು ಬರುವುದು, ಮಳೆ ಎಂಬ ಅರ್ಥವನ್ನೂ ಸಂಸ್ಕೃತ ನಿಘಂಟುಗಳು ಕೊಡುತ್ತವೆ. ಆ ದಿನ ನಿಮ್ಮ ಅಂಗಳದಲ್ಲಿ ಆಗುತ್ತಿದ್ದದ್ದು ಅದೇ! ಆದರೆ ಬಳಕೆಯಲ್ಲಿ ಹೆಚ್ಚು ನಿಂತ ಅರ್ಥ ‘ಸಂದರ್ಭ, ತಕ್ಕ ಹೊತ್ತು’. ಜೊತೆಗೆ ‘ಬಿಡುವು’ ಎಂಬ ಅರ್ಥವೂ ಇದೆ. ನೋಡಿ, ನಾವು ಗಡಿಬಿಡಿಗೆ ಬಳಸುವ ಪದಕ್ಕೆ ಮೂಲದಲ್ಲಿ ಬಿಡುವು ಅನ್ನುವ ಅರ್ಥವೂ ಇತ್ತು. ಹಾಗಾಗಿ ಮೂಲವನ್ನು ಸಾಕ್ಷಿಗೆ ಕರೆದರೆ ನೀವೂ ಗೆಲ್ಲುವುದಿಲ್ಲ, ಸೊಸೆಯೂ ಗೆಲ್ಲುವುದಿಲ್ಲ.

ಹಿಂದಿಯವರು ‘ಅವಸರ್’ ಅಂದರೆ ಅವಕಾಶ, ಸಂದರ್ಭ ಎನ್ನುತ್ತಾರೆ. ಮಲಯಾಳದಲ್ಲೂ ‘ಅವಸರಂ’ ಅಂದರೆ ಅವಕಾಶವೇ. ತೆಲುಗಿನಲ್ಲಿ ಅಗತ್ಯ. ತಮಿಳಿನಲ್ಲಿ ನಮ್ಮ ಹಾಗೆಯೇ ಆತುರ, ತುರ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತಲ್ಲ, ಆ ಊರಿನಲ್ಲಿ ತಮಿಳು ಮಾತಾಡುವ ಮನೆಗಳು ಬಹಳ. ಅಲ್ಲಿಂದ ಸೊಸೆ ತಂದಿದ್ದರೆ ಈ ಒಂದು ಪದದ ಮಟ್ಟಿಗೆ ನಿಮ್ಮ ಸೌದೆ ಉಳಿಯುತ್ತಿತ್ತು. (ಬೇರೆ ಪದಕ್ಕೆ ಖರ್ಚಾಗುತ್ತಿತ್ತು, ಅದು ಬೇರೆ ಮಾತು.)

ಒಂದೇ ಪದ ಇಷ್ಟು ದಿಕ್ಕಿಗೆ ಹೋದದ್ದು ಹೇಗೆ? ದೂರದಿಂದ ನೋಡಿದರೆ ಸಂಬಂಧವೇ ಇಲ್ಲ ಎನಿಸುತ್ತದೆ. ಒಂದೊಂದೇ ಹೆಜ್ಜೆ ಇಟ್ಟು ನೋಡಿ. ತಕ್ಕ ಹೊತ್ತು ಬಂತು ಎಂದುಕೊಳ್ಳಿ. ಅದನ್ನು ಬಳಸಿಕೊಳ್ಳಬಹುದು, ಅದು ಅವಕಾಶ. ಆ ಹೊತ್ತಿಗೆ ಏನೋ ಒಂದು ಬೇಕಾಗುತ್ತದೆ, ಅದು ಅಗತ್ಯ. ಆ ಹೊತ್ತು ಜಾರಿಹೋಗುವ ಮೊದಲು ಕೆಲಸ ಆಗಬೇಕು, ಅದು ಆತುರ. ಒಂದೇ ಗದ್ದೆಯಂಚಿನಿಂದ ಮೂರು ಕಾಲುದಾರಿ. ಕನ್ನಡದಲ್ಲೂ ನಡುದಾರಿಯ ಗುರುತು ಇನ್ನೂ ಇದೆ. ಮಗ ಪೇಟೆಗೆ ಹೊರಟಾಗ ‘ಅವಸರಕ್ಕೆ ಇರಲಿ, ಐನೂರು ರೂಪಾಯಿ ಜಾಸ್ತಿ ಇಟ್ಕೋ’ ಎನ್ನುವುದಿಲ್ಲವೇ? ಅಲ್ಲಿ ‘ಅವಸರ’ ಅಂದರೆ ಗಡಿಬಿಡಿ ಅಲ್ಲ. ಬೇಕಾದ ಹೊತ್ತಿಗೆ ಎಂದು ಅರ್ಥ. ಆ ವಾಕ್ಯ ನಿಮ್ಮ ಸೊಸೆಗೆ ಪೂರ್ತಿ ಸರಿಯಾಗಿಯೇ ಅರ್ಥವಾಗುತ್ತದೆ.

ಸಂಸ್ಕೃತ ಪದಗಳು ನಮ್ಮ ಮಲೆನಾಡಿಗೆ ಬಂದದ್ದು ನಿನ್ನೆ ಮೊನ್ನೆ ಅಲ್ಲ. ನಿಮ್ಮ ಜಿಲ್ಲೆಯದೇ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿಗೆ ಕದಂಬರ ಕಾಲದ ಕಂಬದ ಶಾಸನ ಇದೆ. 5ನೇ ಶತಮಾನದ್ದು, ಭಾಷೆ ಸಂಸ್ಕೃತ. ಸುಮಾರು ಅದೇ ಕಾಲದ ಹಲ್ಮಿಡಿ ಶಾಸನ ಕನ್ನಡದ್ದು, ಆದರೆ ಅದರಲ್ಲೂ ಸಂಸ್ಕೃತ ಪದಗಳು ತುಂಬಿವೆ. ಹದಿನೈದು ಶತಮಾನ ಒಂದು ಮನೆಯಲ್ಲಿ ಉಳಿದವರನ್ನು ನೆಂಟರು ಎನ್ನಲಾಗುತ್ತದೆಯೇ? ಆ ಮನೆಯ ಕೆಲಸದಲ್ಲಿ ಕೈಹಾಕಿಯೇ ಹಾಕುತ್ತಾರೆ.

‘ಮೂಲ ಅರ್ಥವೇ ಸರಿಯಾದ ಅರ್ಥ’ ಎಂದು ವಾದ ಮಾಡುವವರು ಬಹಳ ಸಿಗುತ್ತಾರೆ. ಅವರಿಗೆ ನಾನು ಅಡುಗೆಮನೆಯ ಎಣ್ಣೆ ತೋರಿಸುತ್ತೇನೆ. ‘ಎಣ್ಣೆ’ ಹುಟ್ಟಿದ್ದು ‘ಎಳ್’ ಮತ್ತು ‘ನೆಯ್’ ಸೇರಿ. ಎಳ್ಳಿನ ಜಿಡ್ಡು ಎಂದು ಅರ್ಥ. ಸಂಸ್ಕೃತದ ‘ತೈಲ’ವೂ ಹಾಗೆಯೇ, ‘ತಿಲ’ ಅಂದರೆ ಎಳ್ಳು, ಅದರಿಂದ ಬಂದದ್ದು. ಮೂಲವನ್ನೇ ಹಿಡಿದರೆ ಕೊಬ್ಬರಿ ಎಣ್ಣೆ ತಪ್ಪು, ಶೇಂಗಾ ಎಣ್ಣೆ ತಪ್ಪು, ಸೀಮೆಎಣ್ಣೆಯಂತೂ ಮಹಾ ತಪ್ಪು. ಸಂಜೆ ಹೊತ್ತು ಹುಡುಗರು ಗುಟ್ಟಾಗಿ ‘ಎಣ್ಣೆ’ ಎನ್ನುವುದು ಯಾವುದಕ್ಕೆ ಎಂದು ನಿಮಗೂ ಗೊತ್ತು. ಪದ ಎಲ್ಲಿಂದ ಬಂತು ಎಂದು ತಿಳಿಯುವುದು ಚೆಂದ. ಆದರೆ ಇವತ್ತು ಅದು ಏನು ಹೇಳುತ್ತಿದೆ ಎಂದು ತೀರ್ಮಾನ ಮಾಡುವವರು ಅದನ್ನು ಆಡುವ ಜನ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ. ಪದದ ಅರ್ಥ ಬದಲಾಗುವುದನ್ನು ನಾವು ಒಂದೊಂದೇ ಪದ ಹಿಡಿದು ನೋಡುತ್ತೇವೆ. ನಿಜವಾಗಿ ಪದಗಳು ಪಂಕ್ತಿಯಲ್ಲಿ ಕೂತಿರುತ್ತವೆ. ಒಂದು ಎಲೆ ಸರಿದರೆ ಪಕ್ಕದ ಎಲೆಯೂ ಸರಿಯಬೇಕು. ತೆಲುಗಿನಲ್ಲಿ ‘ಅವಸರಂ’ ಅಗತ್ಯದ ಜಾಗದಲ್ಲಿ ಕೂತಿದೆ. ಹಾಗಾದರೆ ಆತುರಕ್ಕೆ ಅವರು ಏನನ್ನುತ್ತಾರೆ? ‘ತೊಂದರ’ ಎನ್ನುತ್ತಾರೆ. ‘ತೊಂದರಗಾ ರಾ’ ಅಂದರೆ ಬೇಗ ಬಾ. ನಮ್ಮಲ್ಲಿ ‘ತೊಂದರೆ’ ಅಂದರೆ ಕಷ್ಟ, ಅಡಚಣೆ. ತಮಿಳಿನ ‘ತೊಂದರವು’ ಕೂಡ ನಮ್ಮ ತೊಂದರೆಯೇ. ಸರಿ, ತೆಲುಗರು ಕಷ್ಟಕ್ಕೆ, ಅಡಚಣೆಗೆ ಏನನ್ನುತ್ತಾರೆ? ‘ಇಬ್ಬಂದಿ’. ಆ ಪದ ನಮ್ಮಲ್ಲೂ ಇದೆ. ಆದರೆ ನಮಗೆ ಇಬ್ಬಂದಿ ಅಂದರೆ ಆ ಕಡೆಗೂ ಹೋಗಲಾರದ, ಈ ಕಡೆಗೂ ಬರಲಾರದ ಸ್ಥಿತಿ.

ಅಂದರೆ ಎರಡು ಮನೆಗಳಲ್ಲೂ ಅವೇ ಮೂರು ಜನ. ಕೂತಿರುವ ಮಣೆ ಮಾತ್ರ ಒಂದೊಂದು ಆಚೀಚೆ. ನಿಮ್ಮ ಸೊಸೆ ‘ತೊಂದರ’ ಎಂದಾಗ ಆಕೆಗೆ ಆತುರ ಇದೆ. ‘ಅವಸರ’ ಎಂದಾಗ ಏನೋ ಬೇಕಾಗಿದೆ. ‘ಇಬ್ಬಂದಿ’ ಎಂದಾಗ ನಿಜವಾಗಿಯೂ ತೊಂದರೆ ಇದೆ, ಓಡಿಹೋಗಿ. ಆಗುಂಬೆ ಘಾಟಿಯಂಥ ರಸ್ತೆಗಳಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಬೋರ್ಡ್ ಓದುತ್ತೇವಲ್ಲ, ಕನ್ನಡ ಲಿಪಿ ಈಗಷ್ಟೇ ಕಲಿತ ತೆಲುಗಿನವರಿಗೆ ಅದು ‘ಅಗತ್ಯವೇ ಅಪಘಾತಕ್ಕೆ ಕಾರಣ’ ಎಂದು ಕಾಣಬಹುದು. ಲಿಪಿಗಳೂ ಒಂದನ್ನೊಂದು ಹೋಲುತ್ತವೆ, ಅದು ಇನ್ನೊಂದು ಮೋಸ.

ಇಲ್ಲಿಯವರೆಗೆ ಹೇಳಿದ್ದು ಒಂದೇ ಪದ ಬೇರೆ ಬೇರೆ ಅರ್ಥಕ್ಕೆ ಹೋದ ಕಥೆ. ಇನ್ನೊಂದು ಜಾತಿ ಇದೆ. ಅಲ್ಲಿ ಪದಗಳೇ ಬೇರೆ. ಸದ್ದು ಮಾತ್ರ ಒಂದೇ. ಸೊಸೆ ಒಂದು ದಿನ ಮೆಲ್ಲಗೆ ‘ಒಕ ಮಾಟ ಅತ್ತಯ್ಯಾ’ ಎಂದರೆ ನಿಂಬೆಹಣ್ಣು, ಕುಂಕುಮ ಹುಡುಕಬೇಡಿ. ನಮ್ಮ ಕಡೆ ‘ಮಾಟ’ ಅಂದರೆ ಎದೆ ಝಲ್ ಎನ್ನುತ್ತದೆ. ಕನ್ನಡದ ಮಾಟ ‘ಮಾಡು’ವಿನಿಂದ ಬಂದದ್ದು, ‘ಆಡು’ವಿನಿಂದ ‘ಆಟ’, ‘ಓಡು’ವಿನಿಂದ ‘ಓಟ’ ಬಂದ ಹಾಗೆ. ‘ಮಾಟವಾದ ಮೂಗು’ ಎನ್ನುವಾಗ ಬರುವುದೂ ಅದೇ. ತೆಲುಗಿನ ಮಾಟ ಬೇರೆ. ಅದು ನಮ್ಮ ‘ಮಾತು’. ಅವಳು ಹೇಳುತ್ತಿರುವುದು ‘ಒಂದು ಮಾತು ಅತ್ತೆ’ ಎಂದಷ್ಟೇ.

ಇದು ಸುಮ್ನೆ ಊಹೆ ಅಲ್ಲ. ಇದಕ್ಕೆ ಒಂದು ಲೆಕ್ಕ ಇದೆ. ಹಳೆಯ ದ್ರಾವಿಡ ಪದಗಳಲ್ಲಿ ಒಂದು ಗಟ್ಟಿ ಸದ್ದು ಇತ್ತು. ತಮಿಳಿನಲ್ಲಿ ಅದು ‘ಟ್ರ’ ಎಂದು ಕೇಳಿಸುತ್ತದೆ. ಕನ್ನಡದಲ್ಲಿ ‘ತ’ ಆಯಿತು, ತೆಲುಗಿನಲ್ಲಿ ‘ಟ’ ಆಯಿತು. ತಮಿಳಿನವರು ‘ಸುಟ್ರು’ ಎಂದರೆ ನಾವು ‘ಸುತ್ತು’, ತೆಲುಗರು ‘ಚುಟ್ಟು’. ಹಳೆಯ ತಮಿಳಿನಲ್ಲಿ ‘ಮಾಟ್ರಂ’ ಅಂದರೆ ಮಾತು, ಅದೇ ನಮ್ಮ ಮಾತು, ಅವರ ಮಾಟ. (ಇವತ್ತಿನ ತಮಿಳಿನಲ್ಲಿ ಮಾಟ್ರಂ ಅಂದರೆ ಬದಲಾವಣೆ. ಆ ಪದವೂ ಬದಲಾಗಿದೆ!) ತಮಿಳಿನ ‘ಪುಟ್ರು’ ನಮ್ಮಲ್ಲಿ ‘ಹುತ್ತ’, ತೆಲುಗಿನಲ್ಲಿ ‘ಪುಟ್ಟ’. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ದ್ರಾವಿಡ ಭಾಷೆಗಳ ಪದಮೂಲದ ನಿಘಂಟು ತಂದರು, 1984ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಇಂಥ ಅಣ್ಣತಮ್ಮಂದಿರನ್ನೆಲ್ಲ ಅದರಲ್ಲಿ ಒಂದೊಂದು ಸಂಖ್ಯೆಯ ಕೆಳಗೆ ಕೂರಿಸಿದ್ದಾರೆ.

ಹುತ್ತ ತೆಲುಗಿನಲ್ಲಿ ‘ಪುಟ್ಟ’ ಎಂದೆನಲ್ಲ, ಅದನ್ನು ಸ್ವಲ್ಪ ನೆನಪಿಡಿ. ನಾಳೆ ಮೊಮ್ಮಗು ಬಂದಾಗ ನೀವು ‘ಪುಟ್ಟಾ, ಚಿನ್ನಾ’ ಎಂದು ಮುದ್ದು ಮಾಡುತ್ತೀರಿ. ಬೀಗಿತ್ತಿಯ ಕಿವಿಗೆ ಮೊದಲನೆಯದು ಹುತ್ತ. ಎರಡನೆಯದು ನಮಗೆ ಬಂಗಾರ, ಅವರಿಗೆ ‘ಚಿಕ್ಕದು’. ಪುಣ್ಯಕ್ಕೆ ಮಗು ಚಿಕ್ಕದೇ ಆಗಿರುವುದರಿಂದ ಅಲ್ಲಿ ಜಗಳ ಬರಲಿಕ್ಕಿಲ್ಲ.

ಹಿಂದಿಯ ಜೊತೆ ಎಡವುವುದು ಇನ್ನೂ ಜಾಸ್ತಿ. ಏಕೆಂದರೆ ಅಲ್ಲಿ ನಮಗೂ ಅವರಿಗೂ ಸಾಮಾನ್ಯವಾದ ಪದಗಳೆಲ್ಲ ಹೆಚ್ಚಾಗಿ ಸಂಸ್ಕೃತದವು, ನೋಡಲು ಒಂದೇ ಥರ. ನನ್ನದೇ ಒಂದು ಕಥೆ. ಹಲವು ವರ್ಷಗಳ ಹಿಂದೆ ಉತ್ತರದ ಕಡೆ ರೈಲಿನಲ್ಲಿ ಹೋಗುತ್ತಿದ್ದೆ. ಎದುರಿಗೆ ಕೂತವರು ಏನು ಕೆಲಸ ಎಂದು ಕೇಳಿದರು. ನನ್ನ ಹರಕು ಹಿಂದಿಯಲ್ಲಿ ‘ಉಪನ್ಯಾಸಕ್ ಹೂಂ’ ಎಂದೆ. ಅವರ ಮುಖ ಅರಳಿತು. ಎಷ್ಟು ಬರೆದಿದ್ದೀರಿ, ಯಾವ ಯಾವುದು, ಸಿನಿಮಾ ಆಗಿದೆಯಾ ಎಂದು ಶುರು ಮಾಡಿದರು. ಟೀ ಕೊಡಿಸಿದರು. ಹಿಂದಿಯಲ್ಲಿ, ಬಂಗಾಳಿಯಲ್ಲಿ ‘ಉಪನ್ಯಾಸ’ ಅಂದರೆ ಕಾದಂಬರಿ! ನಾನು ಕಾಲೇಜಿನಲ್ಲಿ ಪಾಠ ಮಾಡುವವನು ಎಂದು ಗೊತ್ತಾದ ಮೇಲೆ ಅವರು ಕಿಟಕಿ ಕಡೆ ತಿರುಗಿದರು. ಟೀ ಕುಡಿದಾಗಿತ್ತು, ಹಾಗಾಗಿ ನನಗೇನೂ ನಷ್ಟವಿಲ್ಲ. ನಮ್ಮ ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಅವರಿಗೆ ಮಾತ್ರ ಈ ಕಷ್ಟ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಕಾದಂಬರಿಯನ್ನೂ ಬರೆದರು. ಎರಡು ಅರ್ಥದಲ್ಲೂ ಸರಿ.

‘ಕಾದಂಬರಿ’ಯ ಕಥೆಯೂ ಹೇಳುವಂಥದ್ದೇ. ಬಾಣಭಟ್ಟ 7ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಒಂದು ಗದ್ಯಕಥೆಯ ಹೆಸರು ಅದು, ಅದರ ನಾಯಕಿಯ ಹೆಸರು. ಒಬ್ಬ ಹುಡುಗಿಯ ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಸಾಹಿತ್ಯ ಪ್ರಕಾರಕ್ಕೇ ಹೆಸರಾಯಿತು.

‘ಶಿಕ್ಷಾ’ ಇನ್ನೊಂದು. ಹಿಂದಿಯಲ್ಲಿ ಅದು ವಿದ್ಯೆ. 2020ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಇಲಾಖೆಗೆ ಹೆಸರು ಬದಲಾಯಿತಲ್ಲ, ಹಿಂದಿಯಲ್ಲಿ ‘ಶಿಕ್ಷಾ ಮಂತ್ರಾಲಯ’ ಎಂದು ಬಂತು. ಕನ್ನಡದ ಕಣ್ಣಿಗೆ ಅದು ದಂಡನೆ ಕೊಡುವ ಇಲಾಖೆ. ಮರಾಠಿಯವರಿಗೂ ಹಾಗೆಯೇ ಕಾಣುತ್ತದೆ, ಅವರಲ್ಲೂ ಶಿಕ್ಷಾ ಅಂದರೆ ದಂಡನೆ. ಆದರೆ ಇಲ್ಲಿ ನಮ್ಮ ಕನ್ನಡ ಎರಡನ್ನೂ ಇಟ್ಟುಕೊಂಡಿದೆ. ಶಿಕ್ಷಣ ಕೊಡುವವರು ಶಿಕ್ಷಕರು, ಅವರು ಕೊಡುವ ಪೆಟ್ಟು ಶಿಕ್ಷೆ. ಹಳೆ ಕಾಲದ ಕೂಲಿಮಠದಲ್ಲಿ ಕೋದಂಡಕ್ಕೆ ನೇತಾಡಿದವರನ್ನು ಕೇಳಿದ್ದರೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ ಎನ್ನುತ್ತಿದ್ದರೋ ಏನೋ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮಲಯಾಳದಲ್ಲಿ ‘ಸಂಸಾರ’ ಅಂದರೆ ಮಾತುಕತೆ, ನಮ್ಮಲ್ಲಿ ಹೆಂಡತಿ ಮಕ್ಕಳು, ಸಂಸ್ಕೃತದಲ್ಲಿ ಹುಟ್ಟು ಸಾವಿನ ಸುತ್ತಾಟ. ಬಂಗಾಳಿಯಲ್ಲಿ ‘ರಾಗ್’ ಅಂದರೆ ಸಿಟ್ಟು, ‘ಚೇಷ್ಟಾ’ ಅಂದರೆ ಪ್ರಯತ್ನ. ನಮ್ಮ ಮಕ್ಕಳು ಮಾಡುವ ಚೇಷ್ಟೆಯಲ್ಲೂ ಪ್ರಯತ್ನಕ್ಕೇನೂ ಕಮ್ಮಿ ಇರುವುದಿಲ್ಲ.

‘ಅಮಲು’ ಬಗ್ಗೆ ಸ್ವಲ್ಪ ನಿಲ್ಲಬೇಕು. ಅರಬ್ಬಿಯಲ್ಲಿ ‘ಅಮಲ್’ ಅಂದರೆ ಕೆಲಸ. ಕೆಲಸ ನಡೆಸುವುದು ಅಧಿಕಾರವಾಯಿತು. ಹಳೆ ಮೈಸೂರು ಸಂಸ್ಥಾನದಲ್ಲಿ ತಾಲೂಕಿನ ಅಧಿಕಾರಿಯನ್ನು ‘ಅಮಲ್ದಾರ’ ಎನ್ನುತ್ತಿದ್ದರು. ನಮ್ಮ ಶಿವಮೊಗ್ಗವೂ ಆ ಸಂಸ್ಥಾನದ್ದೇ, ಹಾಗಾಗಿ ಹಳೆಯ ಜಮೀನು ಪತ್ರಗಳಲ್ಲಿ ಆ ಹೆಸರು ನೋಡಿರುತ್ತೀರಿ. ಇನ್ನೊಂದು ಕಡೆ ಅದೇ ಪದ ಕುಡಿತದ ಅಮಲೂ ಆಯಿತು. ಮರಾಠಿಯಲ್ಲಿ ‘ಅಂಮಲ್’ ಎರಡಕ್ಕೂ ನಡೆಯುತ್ತದೆ, ಆಳ್ವಿಕೆಗೂ ನಶೆಗೂ. ಎರಡರಲ್ಲೂ ಇನ್ನೊಂದರ ಹಿಡಿತದಲ್ಲಿ ಇರುವುದಿದೆಯಲ್ಲ, ಕೊಂಡಿ ಅದೇ.

ಇಷ್ಟೆಲ್ಲ ಬೇರೆ ಭಾಷೆಗಳ ಮಾತಾಯಿತು. ಆದರೆ ಸೊಸೆಯ ಜಾಗದಲ್ಲಿ ನಿಂತು ನಿಮ್ಮ ಮನೆಯ ಕನ್ನಡವನ್ನೇ ಒಮ್ಮೆ ಕೇಳಿ ನೋಡಿ. ‘ರಾಶಿ’ ಎಂಬ ಒಂದು ಪದ ಸಾಕು. ಹವ್ಯಕರ ಮನೆಯಲ್ಲಿ ‘ರಾಶಿ ಚೊಲೊ ಇದ್ದು’ ಅಂದರೆ ಬಹಳ ಚೆನ್ನಾಗಿದೆ. ಮಂಡಿಗೆ ಹೋದ ಮಾವ ‘ರಾಶಿಗೆ ರೇಟು ಬಂದಿದೆ’ ಎನ್ನುತ್ತಾರೆ, ಅದು ಅಡಿಕೆಯ ಒಂದು ಬಗೆ. ಪುರೋಹಿತರು ಬಂದು ‘ನಿನ್ನ ರಾಶಿ ಯಾವುದಮ್ಮಾ?’ ಎನ್ನುತ್ತಾರೆ. ಬಯಲುಸೀಮೆಯ ನೆಂಟರು ಫೋನಿನಲ್ಲಿ ‘ರಾಶಿ ಮುಗಿದ ಮೇಲೆ ಬರ್ತೀವಿ’ ಎನ್ನುತ್ತಾರೆ, ಅದು ಕಣದ ಒಕ್ಕಲು ಕೆಲಸ. ಬ್ಯಾಂಕಿನ ಹಿಂದಿ ಫಾರಂನಲ್ಲಿ ‘ರಾಶಿ’ ಅಂದರೆ ಹಣದ ಮೊತ್ತ. ಎಲ್ಲದರ ತಾಯಿ ಒಂದೇ, ಗುಡ್ಡೆ. ಕಾಳಿನ ಗುಡ್ಡೆ, ಅಡಿಕೆಯ ಗುಡ್ಡೆ, ನಕ್ಷತ್ರಗಳ ಗುಡ್ಡೆ, ದುಡ್ಡಿನ ಗುಡ್ಡೆ. ಪದ ಸ್ವಲ್ಪವೂ ಹಾದಿ ತಪ್ಪಿಲ್ಲ. ಆದರೆ ಹೊಸಬರಿಗೆ ಅದು ಹೇಗೆ ತಿಳಿಯಬೇಕು?

‘ಬೆಟ್ಟ’ವೂ ಹಾಗೆಯೇ. ‘ಬೆಟ್ಟಕ್ಕೆ ಹೋಗಿ ಸೊಪ್ಪು ತಂದೆ’ ಎಂದರೆ ಮೈಸೂರಿನವರು ಚಾಮುಂಡಿ ಬೆಟ್ಟದಂಥದ್ದನ್ನು ನೆನೆಸಿಕೊಂಡು ಮೆಟ್ಟಿಲು ಎಷ್ಟು ಎಂದು ಕೇಳುತ್ತಾರೆ. ನಮಗೆ ಅದು ಸೊಪ್ಪಿನಬೆಟ್ಟ, ಅಡಿಕೆ ತೋಟದ ಗೊಬ್ಬರಕ್ಕೆ, ಕೊಟ್ಟಿಗೆಗೆ ಸೊಪ್ಪು ದರಗು ತರುವ ಕಾಡು. ಏರು ಇರಲೇಬೇಕೆಂದಿಲ್ಲ. ಅದನ್ನೇ ಹೋಲುವ ಹಕ್ಕಿನ ಕಾಡಿಗೆ ದಕ್ಷಿಣ ಕನ್ನಡದಲ್ಲಿ ‘ಕುಮ್ಕಿ’ ಎನ್ನುತ್ತಾರೆ, ಕೊಡಗಿನಲ್ಲಿ ‘ಬಾಣೆ’. ಇನ್ನು ಮಂಡಿಯಲ್ಲಿ ಒಳ್ಳೆಯ ಕೆಂಪಡಿಕೆಗೆ ‘ಸರಕು’ ಎನ್ನುತ್ತಾರಲ್ಲ, ಭದ್ರಾವತಿಯ ತಮಿಳು ಹುಡುಗರ ಎದುರು ‘ಮನೆಯಲ್ಲಿ ಹತ್ತು ಚೀಲ ಸರಕಿದೆ’ ಎಂದು ಜೋರಾಗಿ ಹೇಳಬೇಡಿ. ಅವರ ಆಡುಮಾತಿನಲ್ಲಿ ‘ಸರಕ್ಕು’ ಅಂದರೆ ನಮ್ಮ ಹುಡುಗರ ‘ಎಣ್ಣೆ’.

ಕೊನೆಗೆ ಕೆಲಸಕ್ಕೆ ಬರುವ ಮಾತು. ಸೊಸೆಯ ಕನ್ನಡ ತಿದ್ದಲು ಹೋಗಬೇಡಿ, ಈಗಲೇ ಅವಳು ಹೆದರಿ ಮಾತು ನಿಲ್ಲಿಸಿದರೆ ಕಷ್ಟ. ಬದಲಿಗೆ ‘ಬೇಕಾ, ಬೇಡವಾ?’ ಎಂದು ಕೇಳಿ. ಈ ಎರಡು ಪದಗಳಲ್ಲಿ ಎಡವಲು ಜಾಗವೇ ಇಲ್ಲ. ಬೇಕಿದ್ದರೆ ಅವಳ ಭಾಷೆಯ ‘ಕಾವಾಲಿ’, ‘ವದ್ದು’ ಎರಡನ್ನು ನೀವೇ ಕಲಿತುಕೊಳ್ಳಿ. ‘ಕಾವಾಲಿ’ ಅಂದರೆ ಬೇಕು, ‘ವದ್ದು’ ಅಂದರೆ ಬೇಡ. ನಮ್ಮ ದೋಸೆ ಕಾವಲಿಗೂ ಅದಕ್ಕೂ ಸಂಬಂಧ ಇಲ್ಲ, ಬೆಳಿಗ್ಗೆ ಬೆಳಿಗ್ಗೆ ದೋಸೆ ಹುಯ್ಯಲು ಹೊರಟುಬಿಡಬೇಡಿ.

ಒಂದು ಮುನ್ನೆಚ್ಚರಿಕೆ ಮಾತ್ರ ಮರೆಯದೆ ಕೊಡಬೇಕು. ನಮ್ಮ ಹಳಗನ್ನಡದಲ್ಲಿ ‘ಪಾಲ್’, ‘ಪೂ’, ‘ಪುಲಿ’ ಇದ್ದವು. 10ನೇ ಶತಮಾನದ ಪಂಪನ ಕಾಲದಲ್ಲೂ ಹಾಗೆಯೇ. ಆಮೇಲೆ ನಾವು ಆ ‘ಪ’ವನ್ನು ‘ಹ’ ಮಾಡಿಕೊಂಡೆವು. ಹಾಲು, ಹೂ, ಹುಲಿ ಬಂದವು. ತೆಲುಗಿನವರು, ತಮಿಳಿನವರು ಹಳೆಯ ‘ಪ’ವನ್ನೇ ಉಳಿಸಿಕೊಂಡರು. ನಮ್ಮಲ್ಲಿ ಈಗ ‘ಪಾಲು’ ಅಂದರೆ ಆಸ್ತಿಯ ಹಿಸ್ಸೆ ಮಾತ್ರ. ಹಾಗಾಗಿ ನಿಮ್ಮ ಸೊಸೆ ಬೆಳಗಿನ ಹೊತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ‘ಅತ್ತಯ್ಯಾ, ಪಾಲು ಕಾವಾಲಿ’ ಎಂದರೆ ಎದೆ ಒಡೆದುಕೊಳ್ಳಬೇಡಿ, ಸಾಗರದ ವಕೀಲರಿಗೆ ಫೋನೂ ಮಾಡಬೇಡಿ. ತಂಬಿಗೆ ಹಿಡಿದು ಕೊಟ್ಟಿಗೆ ಕಡೆ ಹೋಗಿ. ಕಾಫಿಗೆ ಹಾಲು ಮುಗಿದಿದೆ.